ಅಮಾಸಿ ದಿನದ ಸ್ಕೂಲ್ ಡೇ

ಫೋಟೊ ಹಾಕಿದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. ಮಕ್ಕಳ ಲೇಜಿಮ್ ಚೆನ್ನಾಗಿದೆ, ಬಟ್ಟೆ ಚೆನ್ನಾಗಿದೆ, ಅದೆಲ್ಲ ಸರಿ ಮೇಡಂ, ಆದರೆ ಮೈದಾನದ ಎರಡೂ ಬದಿಗೆ ಟಂಟಂ ಗಾಡಿ ಯಾಕೆ ನಿಂತಿವೆ? ಒಬ್ಬ ಮಹಾಶಯರು ‘ಪಾರ್ಕಿಂಗಿಗೆ ಬೇರೆ ಜಾಗ ಇರಲಿಲ್ಲವೇ’ ಅಂತಲೂ ಬರೆದಿದ್ದಾರೆ. ಇತ್ತು ಸ್ವಾಮಿ, ಬೇಕಾದಷ್ಟಿತ್ತು. ಆ ಎರಡು ಗಾಡಿಗಳನ್ನು ಅಲ್ಲಿಗೆ ತಂದು ನಿಲ್ಲಿಸುವುದಕ್ಕೆ ಒಂದು ಓಣಿಯ ಹೆಂಗಸರೆಲ್ಲ ಸೇರಿ ತಳ್ಳಿದ್ದಾರೆ. ಕೂತು ಓದುವಷ್ಟು ಪುರುಸೊತ್ತಿದ್ದರೆ ಮಾತ್ರ ಮುಂದೆ ಬನ್ನಿ, ಕಥೆ ಉದ್ದ ಇದೆ.

ನಾನು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಮನೆ ಬಳ್ಳಾರಿ ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ, ಕೆಲಸ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬಳ್ಳಾರಿಯಲ್ಲಿ ಒಂದು ಬಸ್ಸು ಹತ್ತಬೇಕು, ಕುರುಗೋಡಿನಲ್ಲಿ ಇಳಿದು ಇನ್ನೊಂದು. ಪಿ.ಟಿ. ಟೀಚರ್ ಅಂದರೆ ಆಟ ಆಡಿಸುವವಳು ಅಂತ ನೀವು ಅಂದುಕೊಂಡಿರಬಹುದು. ಶಾಮಿಯಾನಕ್ಕೆ ಹೇಳುವವಳು, ಕುರ್ಚಿ ಎಣಿಸುವವಳು, ಅತಿಥಿಗಳಿಗೆ ಹಾರ ತರಿಸುವವಳು, ಅವರು ಭಾಷಣ ಮಾಡುವಾಗ ಮಕ್ಕಳನ್ನು ಗುರಾಯಿಸಿ ಕೂರಿಸುವವಳು ಕೂಡ ಅವಳೇ. ಸ್ಕೂಲ್ ಡೇ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಕಣ್ಣೂ ನನ್ನ ಕಡೆಗೇ.

ನಮ್ಮ ಸೀಮೆಯಲ್ಲಿ ಸ್ಕೂಲ್ ಡೇ ಚಳಿಗಾಲದಲ್ಲೇ. ಅದೇ ಹೊತ್ತಿಗೆ ಹತ್ತನೇ ತರಗತಿಯವರಿಗೆ ವಿಶೇಷ ತರಗತಿ. ಅದೇ ಹೊತ್ತಿಗೆ ಭತ್ತದ ಕೊಯ್ಲು ಮುಗಿದು ಮೆಣಸಿನಕಾಯಿ ಬಿಡಿಸುವ ಕೆಲಸ ಶುರು. ಈ ಮೂರರಲ್ಲಿ ಯಾವುದು ಗೆಲ್ಲುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆ ಲೇಜಿಮ್ ಪ್ರಾಕ್ಟೀಸ್ ಅಂತ ಬೋರ್ಡಿನ ಮೇಲೆ ಬರೆದೆ. ಮೊದಲ ದಿನ ಮೂರು ಸಾಲು ಮಕ್ಕಳು ಬಂದರು. ವಾರ ಕಳೆಯುವಷ್ಟರಲ್ಲಿ ಒಂದು ಸಾಲಾಯಿತು, ಅದರಲ್ಲೂ ಮಧ್ಯೆ ಮಧ್ಯೆ ಹಲ್ಲು ಬಿದ್ದ ಬಾಯಿಯ ಹಾಗೆ ಸಂದಿ.

ಹೋದವರಲ್ಲಿ ನನಗೆ ಅತಿ ಮುಖ್ಯವಾಗಿದ್ದವಳು ಒಬ್ಬಳು ಹತ್ತನೇ ತರಗತಿಯ ಹುಡುಗಿ. ಲೇಜಿಮ್ ತಂಡಕ್ಕೆ ಸೀಟಿ ಊದುವವಳು. ನಾವೆಲ್ಲ ಅವಳನ್ನು ಸೀಟಿಯವಳು ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಲೇಜಿಮ್ ನೋಡದವರಿಗೆ ಹೇಳುತ್ತೇನೆ: ಮರದ ಹಿಡಿಗೆ ಬಿಲ್ಲಿನ ಹಾಗೆ ಕಬ್ಬಿಣದ ಸರಪಳಿ, ಸರಪಳಿಯಲ್ಲಿ ತಗಡಿನ ಬಿಲ್ಲೆಗಳು. ಒಬ್ಬರು ಅಲ್ಲಾಡಿಸಿದರೆ ಪಾತ್ರೆ ಬಿದ್ದ ಸದ್ದು, ಐವತ್ತು ಮಂದಿ ಒಟ್ಟಿಗೆ ಅಲ್ಲಾಡಿಸಿದರೆ ಮೈ ಝುಂ ಅನ್ನುತ್ತದೆ. ಆ ‘ಒಟ್ಟಿಗೆ’ ಬರುವುದು ಸೀಟಿಯಿಂದ. ಎರಡು ಗಿಡ್ಡ ಊದಿದರೆ ಶುರು, ಒಂದು ಉದ್ದ ಊದಿದರೆ ಇದ್ದಲ್ಲೇ ನಿಲ್ಲಬೇಕು. ಈ ಹುಡುಗಿ ಮಾತು ಕಮ್ಮಿ, ಆದರೆ ಸೀಟಿ ಬಾಯಿಗಿಟ್ಟಳೆಂದರೆ ಒಂಬತ್ತನೇ ತರಗತಿಯ ಪುಂಡ ಹುಡುಗರೂ ಕಂಬ ಆಗುತ್ತಿದ್ದರು. ನನ್ನ ಇಷ್ಟು ವರ್ಷದ ಸೀಟಿಗೆ ಅವರು ಹಾಗೆ ನಿಂತವರಲ್ಲ.

ಅವಳು ಯಾಕೆ ಬರುತ್ತಿಲ್ಲ ಅಂತ ಗೆಳತಿಯರನ್ನು ಕೇಳಿದೆ. “ಅವ್ರವ್ವ ಮೇಸ್ತ್ರಿ ಅಲ್ಲೇನ್ರಿ ಮೇಡಂ. ಗ್ಯಾಂಗ್ ಕಟ್ಕೊಂಡು ಕಾಯಿ ಬಿಡಸಾಕ ಹೋಗ್ತಾಳ. ಸಂಕ್ರಾಂತಿ ಆದ ಮ್ಯಾಲ ಎಲ್ಲಾರೂ ಆಂಧ್ರದ ಕಡಿ ಹೋಗ್ತಾರಂತ. ಅಕಿನೂ ಹೋಗ್ತಾಳ. ಅಕಿ ಹೋದ್ರ ನಮ್ಮನ್ನೂ ಕಳಸ್ತಾರ,” ಅಂದಳು ಒಬ್ಬಳು. ‘ನಮ್ಮನ್ನೂ’ ಅಂದರೆ ಅದೇ ಓಣಿಯ ಇನ್ನೂ ಮೂವರು ಹತ್ತನೇ ತರಗತಿಯವರು. ಗಡಿ ದಾಟಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಶಿವರಾತ್ರಿವರೆಗೆ ಅಲ್ಲೇ ಇರುವ ಲೆಕ್ಕ. ಪೂರ್ವಸಿದ್ಧತಾ ಪರೀಕ್ಷೆ, ರಿವಿಜನ್, ಎಲ್ಲ ಅಲ್ಲೇ ಮುಗಿದ ಹಾಗೆ. ಮಾರ್ಚಿನಲ್ಲಿ ಬಂದು ಹಾಲ್ ಟಿಕೆಟ್ ಹಿಡಿದು ಕೂತರೆ ಬರೆಯುವುದೇನು?

ಸಂಜೆ ಮನೆಗಳಿಗೆ ಹೋದೆ. ಬೀಗ. ಪಕ್ಕದ ಮನೆಗೂ ಬೀಗ. ಓಣಿಯಲ್ಲಿದ್ದದ್ದು ನಾಯಿಗಳು ಮತ್ತು ಮೂವರು ಮುದುಕರು. ಪೋಷಕರ ಸಭೆ ಕರೆದರೂ ಇದೇ ಗತಿ. ಹೆಡ್‌ಮಾಸ್ಟರು ಖಾಲಿ ಬೆಂಚುಗಳಿಗೆ ಭಾಷಣ ಮಾಡಿ ಚಹಾ ಕುಡಿಸಿ ಕಳಿಸುತ್ತಿದ್ದರು, ಚಹಾ ಕುಡಿಯುತ್ತಿದ್ದವರು ನಾವೇ. ಆದ್ದರಿಂದ ಒಂದು ಭಾನುವಾರ ಬಳ್ಳಾರಿಯಿಂದ ಹೊರಟು ನೇರ ಹೊಲಕ್ಕೇ ಹೋದೆ.

ದೂರದಿಂದ ನೋಡಿದರೆ ಹಸಿರಿನ ಮಧ್ಯೆ ಕೆಂಪು ಚೆಲ್ಲಿದ ಹಾಗೆ ಹೊಲ. ಹೆಂಗಸರು ಅಂಗಿ ಮೇಲೆ ಅಂಗಿ ಹಾಕಿ, ಮುಖಕ್ಕೆ ಟವೆಲ್ ಸುತ್ತಿಕೊಂಡು, ಸಾಲು ಹಿಡಿದು ಬಗ್ಗಿದ್ದರು. ಮೇಸ್ತ್ರಿ ಯಾರು ಅಂತ ಕೇಳುವುದೇ ಬೇಕಾಗಲಿಲ್ಲ, ಬೈಗುಳ ಎಲ್ಲಿಂದ ಬರುತ್ತಿತ್ತೋ ಅಲ್ಲಿಗೆ ಹೋದೆ.

“ಏನ್ ಮೇಡಮ್ಮೋರ, ಹಾದಿ ತಪ್ಪಿ ಬಂದ್ರೇನು?”

“ಇಲ್ಲವ್ವ, ನಿನ್ನ ಹುಡಿಕ್ಕೊಂಡ ಬಂದೀನಿ.”

“ಹಂಗಾರ ಒಂದು ಸಾಲು ಹಿಡೀರಿ. ನಿಂತು ಮಾತಾಡೋರ ಸಂಗಾಟ ಮಾತಾಡಾಕ ನಮಗ ಟೈಂ ಇಲ್ಲ.”

ಹಿಡಿದೆ. ಪಿ.ಟಿ. ಟೀಚರ್, ಬಗ್ಗುವುದು ನನಗೇನು ಹೊಸದೇ. ಪಟಪಟ ಕಿತ್ತು ಚೀಲಕ್ಕೆ ಹಾಕಿದೆ. ನನ್ನ ವೇಗ ನೋಡಿ ನನಗೇ ಹೆಮ್ಮೆ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ನನ್ನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದಳು.

“ತೊಟ್ಟು ಎಲ್ಲಿ ಹೋದುವ್ರಿ?”

“ಗಿಡದಾಗ ಅದಾವ.”

ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. “ಇವ್ರನ್ನ ಮಕ್ಕಳಿಗೆ ಕಲಸಾಕ ಇಟ್ಟಾರ ನೋಡ್ರವ್ವ,” ಅಂದಳು ಆ ತುದಿಯ ಹೆಂಗಸು. ತೊಟ್ಟು ಬಿಟ್ಟ ಕಾಯಿ ಬೀಜ ಉದುರಿಸುತ್ತದಂತೆ, ಕಣದಲ್ಲಿ ಬೇಗ ಕೊಳೆಯುತ್ತದಂತೆ. “ಹೊಲದ ಗೌಡ ಬೈಯೋದು ನನಗ್ರಿ, ನಿಮಗಲ್ಲ,” ಅಂತ ಮೇಸ್ತ್ರಿ ನನ್ನ ಚೀಲವನ್ನು ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ನಾನು ಬೆವರು ಅಂತ ಕಣ್ಣು ಒರೆಸಿಕೊಂಡೆ. ಅದೇ ಕೈಯಲ್ಲಿ. ಮುಂದಿನ ಮಾತುಕತೆಯನ್ನೆಲ್ಲ ಒಂದೇ ಕಣ್ಣಿನಲ್ಲಿ ನಡೆಸಿದ್ದೇನೆ.

“ಮಗಳನ್ನ ಕರಕೊಂಡು ಹೋಗಬ್ಯಾಡವ್ವ. ಫೆಬ್ರವರಿಯಾಗ ಪರೀಕ್ಷಾ ಐತಿ.”

“ಇಪ್ಪತ್ತು ಮಂದಿಗೆ ರೊಟ್ಟಿ ಯಾರು ಬಡೀಬೇಕು? ಸಣ್ಣದೊಂದು ಐತಿ, ಇನ್ನಾ ನಡ್ಯಾಕ ಕಲಿಯಾಕತ್ತೈತಿ, ಅದನ್ನ ಯಾರು ಹಿಡಕೋಬೇಕು?”

“ಅಕಿ ಹೋದ್ರ ಇನ್ನಾ ಮೂರು ಮಂದಿ ಹೋಗ್ತಾರ.”

“ಅವ್ರವ್ವಂದಿರ್ನ ಹೋಗಿ ಕೇಳ್ರಿ. ನಾ ಏನು ಯಾರಿಗೂ ಹಗ್ಗ ಹಾಕಿ ಎಳ್ಯಂಗಿಲ್ಲ.”

“ಇಲ್ಲೇ ಕೇಳಿಸ್ಕೊಳ್ಳಾಕತ್ತೀವಿ ಬಿಡ್ರಿ,” ಅಂತ ಆ ತುದಿಯಿಂದ ಮತ್ತೆ ಅದೇ ಹೆಂಗಸು. ಅವಳ ಮಗಳೂ ಆ ಮೂವರಲ್ಲಿ ಒಬ್ಬಳು ಅಂತ ಆಮೇಲೆ ಗೊತ್ತಾಯಿತು.

ನಾನು ಇಂಥ ಕಡೆ ಹೇಳಬೇಕಾದ ಮಾತೆಲ್ಲ ಹೇಳಿದೆ. ಕಾನೂನು ಹೇಳಿದೆ, ಭವಿಷ್ಯ ಹೇಳಿದೆ. ಮೇಸ್ತ್ರಿಯ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಕೊನೆಗೆ ಸಾಲಿನ ತುದಿ ಬಂದಾಗ ಸೊಂಟ ನೆಟ್ಟಗೆ ಮಾಡಿ ನನ್ನ ಕೆಂಪು ಕಣ್ಣು ನೋಡಿದಳು. ಸ್ವಲ್ಪ ಪಾಪ ಅನ್ನಿಸಿರಬೇಕು.

“ಕೈ ನಡಸ್ಕೊಂತ ಆಡೋ ಮಾತಲ್ಲ ಮೇಡಮ್ಮೋರ ಇದು. ಅಮಾಸಿಗೆ ಬರ್ರಿ. ಅವತ್ತು ನಮಗ ಕೂಲಿ ಇಲ್ಲ. ಎಷ್ಟು ಬೇಕಾದ್ರ ಮಾತಾಡ್ರಿ, ಕುಂತು ಕೇಳ್ತೀನಿ.”

“ಮುಂಜಾನಿ ಬಂದ್ರ?”

“ಮುಂಜಾನಿ ಇಬ್ಬನಿ ಆರೋತನ ಯಾರೂ ಹೊಲಕ್ಕ ಕಾಲಿಡಂಗಿಲ್ಲ. ಹಸಿ ಕಾಯಿ ಬಿಡಸಿದ್ರ ಬೂಜು ಬರ್ತೈತಿ. ಹುಡುಗ್ರು ಖಾಲಿನ ಇರ್ತಾವ. ನಾನು ಮಾತ್ರ ಒಲಿ ಮುಂದ ಇರ್ತೀನಿ.”

ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕಣ್ಣಿಗೆ ನೀರು ಎರಚಿಕೊಳ್ಳುತ್ತಾ ಯೋಚಿಸಿದೆ. ಈ ಹೆಂಗಸು ನನಗೆ ಎರಡು ಸುಳಿವು ಕೊಟ್ಟಿದ್ದಳು. ಮಕ್ಕಳು ಬೆಳಿಗ್ಗೆ ಖಾಲಿ. ಅಪ್ಪ ಅಮ್ಮ ಅಮಾವಾಸ್ಯೆಗೆ ಖಾಲಿ. ನಾವು ಇಷ್ಟು ವರ್ಷ ಎಲ್ಲವನ್ನೂ ಸಂಜೆಗೆ ಇಡುತ್ತಿದ್ದೆವು, ಶನಿವಾರಕ್ಕೆ ಇಡುತ್ತಿದ್ದೆವು. ನಮಗೆ ಅನುಕೂಲ ಅಂತ.

ಮೊದಲು ಬೆಳಗಿನದ್ದು ಮಾಡಿದೆ. ಪ್ರಾಕ್ಟೀಸ್ ಬೆಳಿಗ್ಗೆ, ಇಬ್ಬನಿ ಆರುವವರೆಗೆ. ಗಣಿತದ ಮೇಷ್ಟ್ರನ್ನೂ ಕಾಡಿ ಬೇಡಿ ಹತ್ತನೆಯವರ ವಿಶೇಷ ತರಗತಿಯನ್ನು ಅದೇ ಬೆಳಗಿನ ಇನ್ನರ್ಧಕ್ಕೆ ಎಳೆಸಿದೆ; ಅವರು ಊರಲ್ಲೇ ಮನೆ ಮಾಡಿಕೊಂಡಿದ್ದರು, ತಪ್ಪಿಸಿಕೊಳ್ಳಲು ನೆಪವಿರಲಿಲ್ಲ. ನಾನು ಮೊದಲ ಬಸ್ಸಿಗೆ ಬರುತ್ತಿದ್ದೆ. ಮಂಜಿನಲ್ಲಿ ಡ್ರೈವರ್‌ಗೆ ರಸ್ತೆ ಕಾಣದೆ ಬಸ್ಸು ಎತ್ತಿನ ಗಾಡಿಯ ಹಾಗೆ ಬರುತ್ತಿತ್ತು. ಶಾಲೆ ಮುಟ್ಟುವಾಗ ಸೀಟಿಯವಳು ಆಗಲೇ ಸಾಲು ಹಾಕಿಸಿ ನಿಂತಿರುತ್ತಿದ್ದಳು, ತಲೆಗೆ ಅವ್ವನ ಟವೆಲ್.

ಮೊದಲ ಬೆಳಿಗ್ಗೆಯೇ ಒಂದು ಎಡವಟ್ಟು. ಚಳಿಗೆ ಲೇಜಿಮ್ಮಿನ ಕಬ್ಬಿಣ ಮಂಜುಗಡ್ಡೆ. ಹಿಂದಿನ ದಿನ ಹೊಲಕ್ಕೆ ಹೋಗಿ ಬಂದ ಹುಡುಗಿಯರ ಕೈ ಬೇರೆ ಕೆಂಪಾಗಿದ್ದವು. ಪಾಪ ಅಂತ ನಾನು ಬಿಸಿಯೂಟದ ಅಡುಗೆಯಮ್ಮನ ಹತ್ತಿರ ನೀರು ಕಾಯಿಸಿ, ಎಲ್ಲರೂ ಬಿಸಿ ನೀರಲ್ಲಿ ಕೈ ಅದ್ದಿ ಅಂತ ಹೇಳಿದೆ. ಅದ್ದಿದವರೆಲ್ಲ ಕೈ ಝಾಡಿಸುತ್ತಾ ಮೈದಾನದ ತುಂಬಾ ಓಡಿದರು. ಖಾರದ ಕೈಗೆ ಬಿಸಿ ನೀರು ತಾಗಿದರೆ ಉರಿ ಇಮ್ಮಡಿ ಆಗುತ್ತದೆ ಅಂತ ಬಳ್ಳಾರಿಯವಳಾದ ನನಗೆ ಗೊತ್ತಿರಬೇಕಿತ್ತು, ಒಂದು ಕಣ್ಣು ಕಳೆದುಕೊಂಡ ಮೇಲಂತೂ. “ಮೇಡಂ, ಇದು ವಾರ್ಮಪ್ ಏನ್ರಿ?” ಅಂತ ಸೀಟಿಯವಳು ಕೇಳಿದಳು. ಅವಳು ಜೋಕ್ ಮಾಡಿದ್ದು ನಾನು ಅವತ್ತೇ ಮೊದಲು ಕೇಳಿದ್ದು. ಅಡುಗೆಯಮ್ಮ ನಗುತ್ತಾ ಶೇಂಗಾ ಎಣ್ಣೆಯ ಡಬ್ಬಿ ತಂದಿಟ್ಟಳು. ಆಮೇಲೆ ದಿನಾ ಆ ಡಬ್ಬಿ ಮೆಟ್ಟಿಲ ಮೇಲೆ ಇರುತ್ತಿತ್ತು. ಎಣ್ಣೆ ಸವರಿ, ಒರೆಸಿ, ಲೇಜಿಮ್ ಹಿಡಿ.

ಇಬ್ಬನಿ ಆರಿದ ಮೇಲೆ ಕೆಲವರು ತರಗತಿಗೆ ಹೋಗುತ್ತಿದ್ದರು, ಕೆಲವರು ಟಂಟಂ ಹತ್ತಿ ಹೊಲಕ್ಕೆ. ಸರಿಯೇ ಅಂತ ನನ್ನನ್ನು ಕೇಳಬೇಡಿ, ಸರಿಯಲ್ಲ. ಆದರೆ ಪೂರ್ತಿ ಗೈರಾಗಿದ್ದವರು ದಿನಕ್ಕೆ ಎರಡು ಗಂಟೆಯಾದರೂ ಶಾಲೆಯ ಮಣ್ಣು ತುಳಿಯುತ್ತಿದ್ದರು, ಒಂದೆರಡು ಲೆಕ್ಕ ಬಿಡಿಸುತ್ತಿದ್ದರು. ಸಾಲಿನ ಸಂದಿಗಳು ತುಂಬಿದವು. ಆದರೆ ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಮೇಸ್ತ್ರಿಯ ಮನಸ್ಸು ಒಂದಿಂಚೂ ಅಲುಗಿರಲಿಲ್ಲ.

ಆಗ ಸ್ಟಾಫ್ ಮೀಟಿಂಗಿನಲ್ಲಿ ಎರಡನೆಯದನ್ನು ಹೇಳಿದೆ. ಸ್ಕೂಲ್ ಡೇ ಎಳ್ಳಮಾಸಿ ದಿನ, ಸಂಕ್ರಾಂತಿಗೆ ಮುಂಚಿನ ಅಮಾವಾಸ್ಯೆಗೆ, ಮಾಡೋಣ.

ಹೆಡ್‌ಮಾಸ್ಟರು ಪೆನ್ನು ಕೆಳಗಿಟ್ಟರು. ಒಳ್ಳೆಯ ಮನುಷ್ಯ, ಹಣೆಯ ವಿಭೂತಿ ಎಷ್ಟು ನೀಟೋ ಫೈಲುಗಳೂ ಅಷ್ಟೇ ನೀಟು. ನಿವೃತ್ತಿ ಹತ್ತಿರವಿತ್ತು.

“ಮೇಡಂ, ಅಮಾಸಿ ದಿನ ಉದ್ಘಾಟನೆ ಅಂದ್ರ ಯಾವ ಸಾಹೇಬ್ರು ಬರ್ತಾರ?”

“ಸಾಹೇಬ್ರು ಬ್ಯಾಡ ಸರ್. ಅಪ್ಪ ಅವ್ವ ಬೇಕು.”

“ಅದು ಸರಿ. ಆದ್ರ ಅಮಾಸಿ ದಿನ ದೀಪ ಹಚ್ಚಿದ ಹೆಡ್‌ಮಾಸ್ಟರ್ ಅಂತ ಹೆಸರು ತಗೊಂಡು ನಾ ರಿಟೈರ್ ಆಗಬೇಕೇನು?”

“ದೀಪಾವಳಿ ಅಮಾಸಿಗೆ ನಿಮ್ಮ ಮನ್ಯಾಗ ದೀಪ ಹಚ್ಚಂಗಿಲ್ಲೇನ್ರಿ ಸರ್?”

ಗಣಿತದ ಮೇಷ್ಟ್ರು ಕೆಮ್ಮಿದರು. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹೆಡ್‌ಮಾಸ್ಟರು ಪೆನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಹೇಳಿದ್ದು ಇಷ್ಟು: “ಆ ನಾಲ್ಕು ಹುಡುಗ್ಯಾರು ಹೋದ್ರ ಈ ಸಲ ಹತ್ತನೇ ಕ್ಲಾಸಿನ ಅರ್ಧ ಬೆಂಚು ಖಾಲಿ ಆದಂಗ ನನಗ. ಮಾಡ್ರಿ. ಏನಾರ ಆದ್ರ ಹೆಸರು ನಿಮ್ಮದು ಹೇಳ್ತೀನಿ.” ಹೇಳಿ ಅಂದೆ.

ಎಳ್ಳಮಾಸಿ ದಿನ ನಮ್ಮ ಕಡೆ ಹೊಲವಿದ್ದವರು ಮಧ್ಯಾಹ್ನ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಅಲ್ಲೇ ಕೂತು ಊಟ ಮಾಡುತ್ತಾರೆ, ಕೂಲಿಗೆ ಹೋಗುವವರಿಗೆ ರಜೆ. ಸಂಜೆ ನಾಲ್ಕಕ್ಕೆ ಇಟ್ಟರೆ ಇಡೀ ಊರು ಹೊಟ್ಟೆ ತುಂಬಿಸಿಕೊಂಡು ಬಂದು ಕೂರುತ್ತದೆ. ಮಕ್ಕಳು ಮನೆಮನೆಗೆ ಹೋಗಿ ಕರೆದರು. ಸಿರುಗುಪ್ಪದ ಶಾಮಿಯಾನದವನಿಗೆ ಪೆಂಡಾಲು, ಮೈಕು, ಲೈಟು ಎಲ್ಲ ಫೋನಿನಲ್ಲೇ ಹೇಳಿ ಮುಗಿಸಿದೆ. ಎಲ್ಲ ಸರಿಯಾಗಿತ್ತು.

ಅವತ್ತು ಬೆಳಿಗ್ಗೆ ಹತ್ತಾದರೂ ಶಾಮಿಯಾನ ಬರಲಿಲ್ಲ. ಫೋನ್ ಮಾಡಿದೆ.

“ಮೇಡಂ, ಇವತ್ತು ಅಮಾಸಿ ಅಲ್ಲೇನ್ರಿ. ನಮ್ಮ ಹುಡುಗ್ರು ಗಾಡಿ ತೆಗಿಯಂಗಿಲ್ಲ.”

“ಮತ್ತ ಅವತ್ತು ಹೂಂ ಅಂದ್ಯಲ್ಲೋ ಮಾರಾಯ.”

“ನೀವು ತಾರೀಖು ಹೇಳಿದ್ರಿ. ಅಮಾಸಿ ಅಂತ ಹೇಳಿದ್ರೇನು?”

ಫೋನ್ ಹಿಡಿದುಕೊಂಡು ಮೈದಾನದ ನಡುವೆ ನಿಂತೆ. ನೋಡಿ ನನ್ನ ಜಾಣತನ. ಅಮಾವಾಸ್ಯೆಗೆ ಯಾರೂ ಕೆಲಸ ಮಾಡುವುದಿಲ್ಲ, ಅದಕ್ಕೇ ಎಲ್ಲರೂ ಬರುತ್ತಾರೆ ಅಂತ ತಿಂಗಳಿಂದ ಲೆಕ್ಕ ಹಾಕಿದವಳಿಗೆ, ಶಾಮಿಯಾನದವನೂ ಆ ‘ಯಾರೂ’ ಒಳಗೆ ಬರುತ್ತಾನೆ ಅಂತ ಹೊಳೆದಿರಲಿಲ್ಲ. ಇನ್ನಿಬ್ಬರಿಗೆ ಫೋನ್ ಮಾಡಿದೆ. ಒಬ್ಬ ಎತ್ತಲಿಲ್ಲ, ಇನ್ನೊಬ್ಬ ಗಾಡಿ ಪೂಜೆಯಲ್ಲಿದ್ದ. ಹೆಡ್‌ಮಾಸ್ಟರು ವರಾಂಡದಲ್ಲಿ ನಿಂತು ನೋಡುತ್ತಿದ್ದರು. ‘ಹೇಳಿದ್ನಲ್ಲ’ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅವರಿಗೆ ಪುಣ್ಯ ಬರಲಿ.

ಪೆಂಡಾಲು ಇಲ್ಲದಿದ್ದರೆ ಬೇವಿನ ಮರ ಇದೆ. ವೇದಿಕೆ ಇಲ್ಲದಿದ್ದರೆ ನೆಲ ಇದೆ. ಆದರೆ ಸಣ್ಣ ಮಕ್ಕಳ ಡ್ಯಾನ್ಸುಗಳಿಗೆಲ್ಲ ಹಾಡು ಬೇಕು, ಕತ್ತಲಾದ ಮೇಲೆ ಬೆಳಕು ಬೇಕು. ಅಮಾವಾಸ್ಯೆಯ ಕತ್ತಲು ಬೇರೆ.

“ಮೇಡಂ,” ಅಂದಳು ಸೀಟಿಯವಳು, ನನ್ನ ಸೆರಗಿನ ಹತ್ತಿರ ನಿಂತು. “ನಮ್ಮವ್ವನ ಟಂಟಂನಾಗ ದೊಡ್ಡ ಬಾಕ್ಸ್ ಅದಾವಲ್ರಿ.”

ನಮ್ಮ ಸೀಮೆಯ ರಸ್ತೆಯಲ್ಲಿ ಬೆಳಿಗ್ಗೆ ನಿಂತವರಿಗೆ ಇದು ಗೊತ್ತು. ಕೂಲಿಯ ಹೆಂಗಸರನ್ನು ತುಂಬಿಕೊಂಡು ಹೋಗುವ ಮೂರು ಗಾಲಿಯ ಟಂಟಂ ಮೊದಲು ಕಿವಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಹಿಂದೆ ಆಳೆತ್ತರದ ಸ್ಪೀಕರು, ತೆಲುಗು ಹಾಡು, ಕನ್ನಡ ಹಾಡು, ಏನೂ ಭೇದವಿಲ್ಲ. ಮೇಸ್ತ್ರಿಯ ಗ್ಯಾಂಗಿಗೆ ಅಂಥವು ಎರಡು. ಓಡಿದೆ.

ಗಾಡಿಗಳು ಮೇಸ್ತ್ರಿಯ ಮನೆ ಮುಂದೆ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಮುಂದಿನ ಗಾಜಿಗೆ ನಿಂಬೆಹಣ್ಣು ಕಟ್ಟಿಸಿಕೊಂಡು ನಿಂತಿದ್ದವು. ಮೇಸ್ತ್ರಿ ಕಟ್ಟೆಯ ಮೇಲೆ ಕೂತು ಕೂಸಿಗೆ ಊಟ ಮಾಡಿಸುತ್ತಿದ್ದಳು. ಅವಳು ಕೂತದ್ದನ್ನು ನಾನು ನೋಡಿದ್ದೇ ಅವತ್ತು.

“ಬಂದ್ರೇನು? ಮಾತಾಡೋಣು ಅಂದಿದ್ನಲ್ಲ. ಕುಂದರ್ರಿ, ಹೋಳಿಗಿ ಕೊಡ್ತೀನಿ.”

“ಹೋಳಿಗಿ ಆಮ್ಯಾಲವ್ವ. ಮೊದಲ ಗಾಡಿ ಕೊಡು.” ಇದ್ದದ್ದು ಇದ್ದ ಹಾಗೆ ಹೇಳಿದೆ.

ಗಾಡಿಯ ನೆರಳಲ್ಲಿ ಕೂತಿದ್ದ ಡ್ರೈವರು ಎದ್ದು ನಿಂತ. “ಆಗಂಗಿಲ್ಲಕ್ಕ. ಅಮಾಸಿ ದಿನ ಗಾಡಿ ಚಾಲೂ ಮಾಡಿದ್ರ ವರ್ಷಾನುಗಟ್ಟಲೆ ಗ್ಯಾರೇಜಿನಾಗ ಇರ್ತೈತಿ.”

ಮೇಸ್ತ್ರಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ನನ್ನ ಗಾಡಿ ಇಲ್ಲಂದ್ರ ನಿಮ್ಮ ಸಾಲಿ ನಡ್ಯಂಗಿಲ್ಲ ಅಂತೀರಿ?”

“ಇವತ್ತಂತೂ ನಡ್ಯಂಗಿಲ್ಲ.”

ಆ ಮಾತು ಅವಳಿಗೆ ಹಿಡಿಸಿತು. ಮುಖದಲ್ಲೇ ಕಂಡಿತು. ಕೂಸಿನ ಬಾಯಿ ಒರೆಸಿ ಅತ್ತೆಯ ಕೈಗೆ ಕೊಟ್ಟು ಎದ್ದಳು. “ಲೇ ತಮ್ಮಾ, ಚಾಲೂ ಮಾಡಬಾರ್ದು, ಅಷ್ಟ ಅಲ್ಲ?”

“ಅಷ್ಟನಕ್ಕ.”

“ತಳ್ಳಬಾರ್ದು ಅಂತ ಯಾವ ಪಂಚಾಂಗದಾಗ ಬರದೈತಿ?”

ಅವನು ಯೋಚಿಸುತ್ತಾ ನಿಂತಿರುವಾಗಲೇ ಅವಳು ಓಣಿಗೆ ಕೇಳುವ ಹಾಗೆ ಕೂಗಿದಳು. ಒಂದೊಂದೇ ಮನೆಯಿಂದ ಹಬ್ಬದ ಸೀರೆ ಉಟ್ಟ ಹೆಂಗಸರು ಹೊರಗೆ ಬಂದರು. “ಏನಬೇ, ಹಬ್ಬದ ದಿನಾನೂ ಬಿಡಂಗಿಲ್ಲೇನು ನೀನು?” ಅಂತ ಬೈಯುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮೊದಲು ಒಂದು ಗಾಡಿ, ಆಮೇಲೆ ಇನ್ನೊಂದು: ಡ್ರೈವರು ಸ್ಟೇರಿಂಗ್ ಹಿಡಿದ, ಹೆಂಗಸರು ಹಿಂದಿನಿಂದ ಕೈ ಹಚ್ಚಿದರು. ಓಣಿ ದಾಟಿ, ಕಾಲುವೆಯ ಸೇತುವೆಯ ಏರು ಹತ್ತುವಾಗ ಮಾತ್ರ ಎಲ್ಲರ ಉಸಿರೂ ಬಿಗಿಯಾಯಿತು. ನಾನೂ ತಳ್ಳಿದೆ. “ಮೇಡಮ್ಮೋರ, ತೊಟ್ಟು ಬಿಡಬ್ಯಾಡ್ರಿ, ಗಟ್ಟ್ಯಾಗಿ ಹಿಡೀರಿ,” ಅಂತ ಯಾರೋ ಅಂದರು, ಏರಿನ ಮಧ್ಯದಲ್ಲೇ ಎಲ್ಲರಿಗೂ ನಗು ಬಂದು ಗಾಡಿ ಎರಡು ಹೆಜ್ಜೆ ಹಿಂದಕ್ಕೆ ಬಂತು. ಮೇಸ್ತ್ರಿ ಬೈದಳು. ಮತ್ತೆ ಮುಂದಕ್ಕೆ ಹೋಯಿತು.

ಹೀಗೆ, ಮಗಳನ್ನು ಶಾಲೆಗೆ ಸೇರಿಸಿದಾಗಿನಿಂದ ಒಮ್ಮೆಯೂ ಗೇಟು ದಾಟದ ಮೇಸ್ತ್ರಿ, ಅವತ್ತು ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಹೆಡ್‌ಮಾಸ್ಟರು ಗೇಟಿನ ಎರಡೂ ಬಾಗಿಲು ತಾವೇ ತೆಗೆದು ಹಿಡಿದರು. ಮುಖ್ಯ ಅತಿಥಿಗಳಿಗೆ ಮಾತ್ರ ಅವರು ಹಾಗೆ ನಿಲ್ಲುವುದು.

ಮೈದಾನ ತುಂಬಿತು. ಬೇವಿನ ಮರದ ಕೆಳಗೆ, ಕಾಂಪೌಂಡಿನ ಮೇಲೆ, ಎಲ್ಲಿ ನೋಡಿದರೂ ಅಪ್ಪಂದಿರು, ಅವ್ವಂದಿರು, ಅಜ್ಜಿಯರು. ಸಾಹೇಬರು ಯಾರೂ ಬಂದಿರಲಿಲ್ಲವಾದ್ದರಿಂದ ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ. ನಮ್ಮ ಶಾಲೆಯ ಇತಿಹಾಸದಲ್ಲೇ ಮೊದಲ ಸಲ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಯಿತು. ಹೆಡ್‌ಮಾಸ್ಟರು ದೀಪ ಹಚ್ಚಿದರು, ಎರಡೇ ಮಾತು ಆಡಿದರು. ಅದೂ ಮೊದಲ ಸಲ. ಡ್ರೈವರು ಚಾವಿ ತಿರುವಿದ, ಎಂಜಿನ್ ಮಾತ್ರ ಚಾಲೂ ಮಾಡಲಿಲ್ಲ. ಬ್ಯಾಟರಿಯ ಮೇಲೆ ಹಾಡು ಬಂದವು. ಡ್ಯಾನ್ಸ್ ಆಯಿತು, ನಾಟಕ ಆಯಿತು, ಒಂದು ಹುಡುಗ ಮಾತು ಮರೆತು ಅವ್ವನ ಕಡೆ ನೋಡಿದ್ದಕ್ಕೆ ಅವ್ವ ಅಲ್ಲಿಂದಲೇ ಮಾತು ಎತ್ತಿ ಕೊಟ್ಟದ್ದೂ ಆಯಿತು.

ಲೇಜಿಮ್ ಕೊನೆಗೆ ಇಟ್ಟಿದ್ದೆ. ಅಷ್ಟರಲ್ಲಿ ಬೆಳಕು ಹೋಯಿತು. ಡ್ರೈವರು ಎರಡೂ ಗಾಡಿಯ ಹೆಡ್‌ಲೈಟ್ ಹಾಕಿದ. ಹಾಕಿದ ಕೂಡಲೇ ಸ್ಪೀಕರಿನಲ್ಲಿ ಹಾಡು ಎಳೆಯತೊಡಗಿತು, ಹಾಡುವವರಿಗೆ ನಿದ್ದೆ ಬಂದ ಹಾಗೆ.

“ಬ್ಯಾಟ್ರಿ ಇಳ್ಯಾಕತ್ತೈತ್ರಿ ಮೇಡಂ. ಹಾಡು ಬೇಕೋ ಲೈಟು ಬೇಕೋ, ಒಂದ ಹೇಳ್ರಿ.”

ಲೇಜಿಮ್ಮಿಗೆ ಹಾಡು ಹಾಕಿಯೇ ಒಂದು ತಿಂಗಳು ಪ್ರಾಕ್ಟೀಸ್ ಮಾಡಿಸಿದ್ದೆ. ಹಾಡಿನ ತಾಳಕ್ಕೇ ಹೆಜ್ಜೆ. ಸೀಟಿಯವಳ ಕಡೆ ತಿರುಗಿದೆ. ಸಾಲಿನ ಮುಂದೆ ನಿಂತವಳು ಅವಳು, ಕೆಟ್ಟರೆ ಎಲ್ಲರೆದುರು ಕೆಡುವುದೂ ಅವಳದ್ದೇ.

“ಲೈಟ್ ಇರ್ಲಿ ಬಿಡ್ರಿ,” ಅಂದಳು. “ಸೀಟಿ ಸಾಕು.”

ಹಾಡು ನಿಂತಿತು. ಎರಡು ಗಿಡ್ಡ ಸೀಟಿ. ಐವತ್ತು ಲೇಜಿಮ್ ಒಂದೇ ಏಟಿಗೆ ಝಲ್ ಅಂದವು. ಸಾಲು ಎರಡಾಯಿತು, ನಾಲ್ಕಾಯಿತು, ಚಕ್ರವಾಯಿತು, ಕೂತಿತು, ಎದ್ದಿತು. ಹೆಡ್‌ಲೈಟಿನ ಧೂಳಿನಲ್ಲಿ ಮಕ್ಕಳ ನೆರಳು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಕುಣಿಯಿತು. ಹಾಡಿಲ್ಲದೆ ಹೆಜ್ಜೆ ಎಲ್ಲಿ ತಪ್ಪುತ್ತದೆ ಅಂತ ನಾನು ಕಾಯುತ್ತಿದ್ದೆ, ತಪ್ಪಲೇ ಇಲ್ಲ. ಬೆಳಕು ನಿಧಾನಕ್ಕೆ ಹಳದಿಯಾಯಿತು, ಆಮೇಲೆ ಕೆಂಪಾಯಿತು. ಇನ್ನೇನು ಆರುತ್ತದೆ ಅನ್ನುವಾಗ ಒಂದು ಉದ್ದ ಸೀಟಿ. ಐವತ್ತು ಮಂದಿ ಎತ್ತಿದ ಕೈ ಎತ್ತಿದ ಹಾಗೇ ನಿಂತರು. ಒಂದು ಬಿಲ್ಲೆಯೂ ಅಲುಗಲಿಲ್ಲ.

ಚಪ್ಪಾಳೆ ಬಗ್ಗೆ ಬರೆಯುವುದಿಲ್ಲ, ಅಲ್ಲಿದ್ದವರಿಗೆ ಗೊತ್ತು. ನಾನು ಮೇಸ್ತ್ರಿಯನ್ನು ನೋಡುತ್ತಿದ್ದೆ. ಅವಳು ಚಪ್ಪಾಳೆ ತಟ್ಟಲಿಲ್ಲ. ಟಂಟಂಗೆ ಒರಗಿ ನಿಂತು ಮಗಳನ್ನೇ ನೋಡುತ್ತಿದ್ದಳು.

“ಇಪ್ಪತ್ತು ಹೆಂಗಸ್ರನ್ನ ಗಾಡಿ ಹತ್ತಸಾಕ ದಿನಾ ಗಂಟ್ಲು ಹರಕೊಂತೀನ್ರಿ ನಾನು,” ಅಂದಳು. “ಈಕಿ ಬಾಯಿ ಬಿಡದನ ಐವತ್ತು ಮಂದೀನ ನಿಲ್ಲಸ್ತಾಳ.”

ಬಸ್ಸಿನಲ್ಲಿ ತಯಾರು ಮಾಡಿಕೊಂಡು ಬಂದಿದ್ದ ಭಾಷಣ ಒಂದಿತ್ತು, ಚೆನ್ನಾಗಿತ್ತು, ಅದನ್ನು ನುಂಗಿದೆ.

“ಮಾತಾಡ್ರಿ. ಅಮಾಸಿಗೆ ಕೇಳ್ತೀನಿ ಅಂದಿದ್ದೆ.”

“ನಾ ಏನು ಮಾತಾಡ್ಲಿ? ನೋಡಿದ್ಯಲ್ಲ.”

“ನೋಡಿದೆ.” ಹಿಂದಿದ್ದ ಗ್ಯಾಂಗಿನ ಕಡೆ ತಲೆ ತಿರುಗಿಸಿ, “ರೊಟ್ಟಿ ಯಾರು ಬಡೀಬೇಕು?”

“ಪಾಳಿ ಹಚ್ಚು,” ಅಂತ ಹಿಂದಿನಿಂದ ಒಂದು ದನಿ. ಹೊಲದಲ್ಲಿ ನನ್ನನ್ನು ಆಡಿಕೊಂಡಿದ್ದ ಅದೇ ಹೆಂಗಸು. “ದಿನಕ್ಕ ಇಬ್ಬಿಬ್ರು ಬಡೀತೀವಿ. ನನ್ನ ಮಗಳೂ ಇಲ್ಲೇ ಇರ್ಲಿ ಹಂಗಾರ. ನಿನ್ನ ಮಗಳು ಅಷ್ಟ ಸಾಹೇಬಳಾಗಬೇಕೇನು?”

“ಸಣ್ಣದು?”

“ನಿಮ್ಮತ್ತಿನ್ನ ಕರಕೋ. ಮನ್ಯಾಗ ಕುಂತು ಏನ್ಮಾಡ್ತಾಳ ಮುದುಕಿ?”

“ಅತ್ತಿ ಬಂದ್ರ ಇವ್ರ ಸಂಗಾಟ ಯಾರು ಇರ್ತಾರ? ನಾಲ್ಕು ಹರೇದ ಹುಡುಗ್ಯಾರನ್ನ ಬಿಟ್ಟು ಹೋಗೋ ಮಾತೇನು ಇದು?”

ನನ್ನ ಮನೆ ಬಳ್ಳಾರಿಯಲ್ಲಿ. ಗಣಿತದ ಮೇಷ್ಟ್ರು ಒಂಟಿ ಗಂಡಸು. ಹೆಡ್‌ಮಾಸ್ಟರು ಏನೋ ಹಾಸ್ಟೆಲ್ಲು, ಅರ್ಜಿ ಅಂತ ಶುರು ಮಾಡಿದರು. ಅಡುಗೆಯಮ್ಮ ಮಧ್ಯಾಹ್ನದ ಪಾತ್ರೆಗಳನ್ನು ಒಳಗಿಡುತ್ತಿದ್ದವಳು ಹೊರಗೆ ಬಂದಳು. “ನನ್ನ ಮನ್ಯಾಗ ಮಲಗ್ಲಿ,” ಅಂದಳು. “ಸಾಲಿ ಹಿಂದ ಐತಿ ಮನಿ. ನಾನೂ ಒಬ್ಬಾಕಿನ ಅದೀನಿ. ಮಾತಾಡಾಕ ಮಂದಿ ಆಗ್ತಾರ.”

ಮೇಸ್ತ್ರಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಗ್ಯಾಂಗಿಗೆ ಹೊಸಬಳನ್ನು ಸೇರಿಸಿಕೊಳ್ಳುವಾಗ ನೋಡುವ ಹಾಗೆ. ಆಮೇಲೆ ಮಗಳ ಕಡೆ ಕೈ ಚಾಚಿದಳು. “ತಾರೆ ಇಲ್ಲಿ ಅದನ್ನ.”

ಮಗಳು ಕೊರಳಿನಿಂದ ಸೀಟಿ ತೆಗೆದು ಕೊಟ್ಟಳು. ಮುಖ ಸಣ್ಣದಾಯಿತು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ವಾಪಸು ಮಗಳ ಕೊರಳಿಗೇ ಹಾಕಿದಳು. ನನಗೆ ಹೇಳಿದಳು: “ಇಂಥದೊಂದು ನನಗೂ ಕೊಡಸ್ರಿ.”

ಫಲಿತಾಂಶ ಏನಾಯಿತು ಅಂತ ಕೇಳುತ್ತೀರಿ. ನಾಲ್ವರೂ ಪಾಸು. ಸೀಟಿಯವಳು ಫಸ್ಟ್ ಕ್ಲಾಸು, ಈಗ ಸಿರುಗುಪ್ಪದಲ್ಲಿ ಪಿಯುಸಿ ಓದುತ್ತಿದ್ದಾಳೆ. ಹೆಡ್‌ಮಾಸ್ಟರು ಮುಂದಿನ ವರ್ಷದ ಸ್ಕೂಲ್ ಡೇಗೆ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಸುತ್ತ ತಾವೇ ಗೆರೆ ಎಳೆದರು. ನಾನು ಶಾಮಿಯಾನದವನಿಗೆ ಹಿಂದಿನ ದಿನವೇ ಬಂದು ಕಟ್ಟಿ ಹೋಗು ಅಂದೆ. ಟಂಟಂಗಳು ಆದರೂ ಬಂದವು, ತಳ್ಳಿಸಿಕೊಂಡೇ ಬಂದವು. ಈಗ ಅದಿಲ್ಲದೆ ಊರಿನವರು ಒಪ್ಪುವುದಿಲ್ಲ. ನೀವು ನೋಡಿದ ಫೋಟೊ ಆ ಎರಡನೇ ವರ್ಷದ್ದು.

ಆದರೆ ನಾನು ಮತ್ತೆ ಮತ್ತೆ ನೆನೆಸಿಕೊಂಡು ನಗುವುದು ಆ ವರ್ಷದ ಸಂಕ್ರಾಂತಿ ಮುಗಿದ ಮೇಲಿನ ಒಂದು ಬೆಳಿಗ್ಗೆಯನ್ನು. ಗ್ಯಾಂಗು ಆಂಧ್ರಕ್ಕೆ ಹೊರಡುವ ದಿನ. ಮಂಜು ಇನ್ನೂ ಇತ್ತು. ಗಣರಾಜ್ಯೋತ್ಸವಕ್ಕೆ ಮೈದಾನದಲ್ಲಿ ಡ್ರಿಲ್ ನಡೆಯುತ್ತಿತ್ತು, ಎಲ್ಲ ಮಕ್ಕಳೂ ಒಂದೇ ಲಯದಲ್ಲಿ ಕೈಕಾಲು ಆಡಿಸುತ್ತಿದ್ದರು. ರಸ್ತೆಯಲ್ಲಿ ಎರಡು ಟಂಟಂ ಬಂದವು. ಹಾಸಿಗೆ, ಪಾತ್ರೆ, ಕೂಸು, ಅತ್ತೆ, ಹೆಂಗಸರು, ತೆಲುಗು ಹಾಡು. ಗೇಟಿನ ಮುಂದೆ ಬಂದಾಗ ಮುಂದಿನ ಗಾಡಿಯಿಂದ ಮೇಸ್ತ್ರಿ ಹೊರಗೆ ಬಾಗಿ, ನಾನು ಕೊಟ್ಟಿದ್ದ ಹೊಸ ಸೀಟಿಯನ್ನು ಬಾಯಿಗಿಟ್ಟು, ಮಗಳಿಗೆ ಹೋಗಿ ಬರ್ತೀನಿ ಅಂತ ಹೇಳುವುದಕ್ಕೆ ಉಸಿರು ತುಂಬಿ ಒಂದೇ ಒಂದು ಉದ್ದ ಊದಿದಳು.

ಮೈದಾನದಲ್ಲಿದ್ದ ಅಷ್ಟೂ ಮಕ್ಕಳು ಇದ್ದಲ್ಲೇ ನಿಂತರು. ಒಂದು ಕಾಲು ಎತ್ತಿದವರು ಒಂಟಿ ಕಾಲಲ್ಲಿ ನಿಂತರು.

ಮೇಸ್ತ್ರಿ ಗಾಬರಿಯಾಗಿ ಸೀಟಿ ಬಾಯಿಂದ ತೆಗೆದಳು. “ಯಾಕಲೇ, ಏನಾತು?”

ಸಾಲಿನ ಮುಂದೆ ನಿಂತಿದ್ದ ಮಗಳು ಕೈ ಎತ್ತಿ ಎರಡು ಬೆರಳು ತೋರಿಸಿದಳು. ಮೇಸ್ತ್ರಿ ಅರ್ಥ ಮಾಡಿಕೊಂಡು ಎರಡು ಗಿಡ್ಡ ಊದಿದಳು. ಮಕ್ಕಳು ಮತ್ತೆ ಶುರು ಮಾಡಿದರು. ಗಾಡಿ ತಿರುವು ದಾಟುವವರೆಗೆ ಅವಳು ಊದುತ್ತಲೇ ಇದ್ದಳು, ಎರಡೆರಡು ಗಿಡ್ಡ. ಇಬ್ಬನಿ ಆರುವವರೆಗೂ ಅವತ್ತು ಯಾರೂ ನಿಲ್ಲಲಿಲ್ಲ.